ಎರಡು ನಿಮಿಷಕ್ಕೆ ಕತ್ತರಿಸಿದ ಪಾಠ

ಆಲ್ಬನಿ
4 ಫೆಬ್ರವರಿ 2018

ಪ್ರೀತಿಯ ಮಕ್ ನಜ್ರಿ,

ನಿಮ್ಮ ಮನೆಯಿಂದ ಬಂದು ವಾರವಾಯಿತು. ನೀನು ಕಟ್ಟಿಕೊಟ್ಟ ತೆಂಗಿನಹಾಲಿನ ಅನ್ನ, ಕೋಳಿ ಎರಡು ದಿನ ಬಂದವು. ನಿನ್ನ ಗಂಡನ ನಲವತ್ತನೇ ದಿನದ ಪ್ರಾರ್ಥನೆಯಲ್ಲಿ ನನ್ನನ್ನೂ ಹೆಂಗಸರ ನಡುವೆ ಕೂರಿಸಿಕೊಂಡೆಯಲ್ಲ, ಅದನ್ನು ಮರೆಯಲಾರೆ. ಫೋನ್ ಮಾಡಿದರೆ ನೀನು “ಹೂಂ, ಚೆನ್ನಾಗಿದೀವಿ” ಎಂದು ಇಟ್ಟುಬಿಡುತ್ತೀ. ಸಂಜೆ ತರಗತಿಯಲ್ಲಿ ನಿನ್ನಿಂದ ವಾರಕ್ಕೊಂದು ಪತ್ರ ಬರೆಸುತ್ತಿದ್ದೆ, ನೆನಪಿದೆಯೇ? ಈಗ ಆ ಪತ್ರಗಳ ಅಗತ್ಯ ನನಗಿದೆ. ಇಪ್ಪತ್ತು ವರ್ಷ ವರಾನಿಂಗ್‌ನಲ್ಲಿ ನಿಮ್ಮ ಬೇಲಿಯ ಪಕ್ಕದಲ್ಲಿದ್ದು, ನಿವೃತ್ತಿಯಾದ ಮೇಲೆ ಸಮುದ್ರದ ಗಾಳಿ ಬೇಕೆಂದು ಇಲ್ಲಿಗೆ ಬಂದೆ. ಗಾಳಿಯೇನೋ ಧಾರಾಳವಾಗಿದೆ. ಬೇಲಿಯ ಮೇಲಿಂದ ಮಾತಾಡುವವರಿಲ್ಲ.

ಒಂದು ವಿಷಯ ಕೇಳಬೇಕು. ಅಂದು ಹಿತ್ತಲಲ್ಲಿ ನಿನ್ನ ಮಗ ನಜ್ರಿ ತನ್ನ ಗಾಳದ ಕೋಲುಗಳನ್ನೆಲ್ಲ ಬೀದಿಯ ಮಕ್ಕಳಿಗೆ ಹಂಚುತ್ತಿದ್ದ. ನೋಡಿ ನಾನು ಹೆದರಿದೆ. ಫುಟ್‌ಬಾಲ್ ಬಿಟ್ಟಿದ್ದಾನೆ, ಸದಾ ಕೋಣೆಯ ಬಾಗಿಲು ಹಾಕಿಕೊಂಡಿರುತ್ತಾನೆ ಎಂದು ನೀನೇ ಹೇಳಿದ್ದೆ. ನನ್ನ ಇಂಟರ್ನೆಟ್ ಪಾಠಗಳಲ್ಲಿ, ಉಗ್ರವಾದದ ಹಾದಿ ಹಿಡಿಯುವವರ ಲಕ್ಷಣಗಳೆಂದು ನಾನು ಜನರಿಗೆ ಹೇಳುವ ಪಟ್ಟಿಯಲ್ಲಿ ಈ ಮೂರೂ ಇವೆ: ಗೆಳೆಯರನ್ನು ಬಿಡುವುದು, ಬಾಗಿಲು ಹಾಕಿಕೊಳ್ಳುವುದು, ಇಷ್ಟದ ವಸ್ತುಗಳನ್ನು ಇದ್ದಕ್ಕಿದ್ದಂತೆ ಕೊಟ್ಟುಬಿಡುವುದು. ಅವನನ್ನೇ ಕೇಳಿದೆ. “ಅಪ್ಪನ ಹೆಸರಲ್ಲಿ ಕೊಡ್ತಿದೀನಿ ಟೀಚರ್. ನಂಗೆ ಬೇಡದ್ದು ಕೊಟ್ರೆ ಅದು ಕೊಟ್ಟಂಗಾಗುತ್ತಾ?” ಎಂದ. ನಾಚಿಕೆಯಾಯಿತು. ಕೇಳಿದ್ದಕ್ಕೆ ತಿಳಿಯಿತು, ಇಲ್ಲದಿದ್ದರೆ ಏನೇನು ಅಂದುಕೊಂಡು ಮನೆಗೆ ಬರುತ್ತಿದ್ದೆನೋ.

ಇದನ್ನೇ ಒಂದು ಪಾಠ ಮಾಡಲೇ? ಗಮನಿಸಿ, ಆದರೆ ಮೊದಲು ಹತ್ತಿರ ಹೋಗಿ ಕೇಳಿ, ಎಂದು. ಅವನ ಹೆಸರು ಬದಲಿಸುತ್ತೇನೆ, ಊರಿನ ಹೆಸರು ಹೇಳುವುದಿಲ್ಲ. ನನ್ನ ಮಗಳು ಕೆರಿನ್ ರಜೆಗೆಂದು ಹೋಗಿ ಆ ಪೇಟೆಯ ಬಾಂಬಿಗೆ ಬಲಿಯಾಗಿ ಹದಿನಾರು ವರ್ಷವಾಯಿತು. ಬಾಂಬಿಟ್ಟವನ ಪಕ್ಕದ ಮನೆಯಾತ ನ್ಯಾಯಾಲಯದಲ್ಲಿ, “ಏನೋ ಸರಿಯಿಲ್ಲ ಅನ್ನಿಸಿತ್ತು, ಹೇಳೋಕೆ ಸಂಕೋಚ ಆಯ್ತು” ಎಂದನಲ್ಲ, ಆ ಒಂದು ಮಾತಿಗಾಗಿ ನಾನು ಈ ಪಾಠಗಳನ್ನು ಮಾಡುತ್ತಿದ್ದೇನೆ. ಆ ಸಂಕೋಚ ಒಬ್ಬರದಾದರೂ ಕಡಿಮೆಯಾಗಲಿ.

ನೀನು ಬೇಡವೆಂದರೆ ಮಾಡುವುದಿಲ್ಲ.

ನಿನ್ನ
ವಿನ್

*

ವರಾನಿಂಗ್
16 ಫೆಬ್ರವರಿ 2018

ಪ್ರೀತಿಯ ವಿನ್ ಅಕ್ಕ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ, ಒಂದು ಸಲ ನಜ್ರಿಗೆ ಓದಿ ಹೇಳಿದೆ. ಹೆಸರು ಬದಲಿಸುತ್ತಾರೆ ಎಂದಾಗ, “ಏನಂತ ಇಡ್ತಾರಂತೆ?” ಎಂದ. ನಾನು ಬಾಯಿಗೆ ಬಂದದ್ದು ಹೇಳಿದೆ, ಆಡಮ್ ಎಂದು. “ಆಡಮ್ಮಾ! ಹಂಗಾದ್ರೆ ನೀನು ಮಕ್ ಆಡಮ್ ಆಗ್ತೀಯಲ್ಲಮ್ಮಾ. ಅಪ್ಪಂಗೆ ಗೊತ್ತಾದ್ರೆ ಎದ್ದು ಬಂದಾನು, ನನ್ನ ಹೆಂಡ್ತಿ ಯಾವಾಗ ಬೇರೆಯವರ ಅಮ್ಮ ಆದಳು ಅಂತ!” ಎಂದು ನಕ್ಕ. ಅವರು ಹೋದ ಮೇಲೆ ಈ ಮನೆಯಲ್ಲಿ ಯಾರಾದರೂ ಜೋರಾಗಿ ನಕ್ಕದ್ದು ಅದೇ ಮೊದಲು. ದ್ವೀಪದಿಂದ ಬಂದ ನಮಗೆ ಇದು ದೊಡ್ಡ ತಮಾಷೆ ಅಕ್ಕ. ಮೊದಲ ಮಗು ಹುಟ್ಟಿದ ದಿನ ತಾಯಿ ತಂದೆಯ ಹೆಸರು ಬಿದ್ದುಹೋಗುತ್ತದೆ. ಇಪ್ಪತ್ಮೂರು ವರ್ಷದಿಂದ ನಾನು ನಜ್ರಿಯ ಮಕ್, ಅಂದರೆ ಅಮ್ಮ; ಅವರು ನಜ್ರಿಯ ಪಕ್, ಅಪ್ಪ. ನನ್ನ ಹಳೆಯ ಹೆಸರಿಟ್ಟು ಕರೆದರೆ ಈಗ ನಾನೇ ತಿರುಗಿ ನೋಡುವುದಿಲ್ಲ.

ಪಾಠ ಮಾಡಿ. ಅವನೂ ಒಪ್ಪಿದ್ದಾನೆ. “ನನ್ನನ್ನ ಸ್ವಲ್ಪ ಎತ್ತರದವನು ಅಂತ ಹೇಳೋಕೆ ಹೇಳು” ಎಂದ.

ಕಸಾಯಿಖಾನೆಯಲ್ಲಿ ಅಪ್ಪನ ಜಾಗದಲ್ಲೇ ಅವನನ್ನು ನಿಲ್ಲಿಸಿದ್ದಾರೆ. ಅಪ್ಪನ ಕತ್ತಿಗಳನ್ನೇ ಹಿಡಿಯುತ್ತಾನೆ. ಅವನು ಬೆಳಗಿನ ಪ್ರಾರ್ಥನೆ ಮುಗಿಸಿ, ಹಿತ್ತಲಲ್ಲಿ ಕೂತು ಕಲ್ಲಿಗೆ ಕತ್ತಿ ಮಸೆಯುವ ಸದ್ದು ಕೇಳಿದಾಗ ಒಂದು ಕ್ಷಣ ಎಲ್ಲ ಮೊದಲಿನಂತೆಯೇ ಇದೆ ಅನ್ನಿಸುತ್ತದೆ. ಆಮೇಲೆ ಅವನು ಕೆಮ್ಮುತ್ತಾನೆ. ಅದು ಅವರ ಕೆಮ್ಮಲ್ಲ.

ಮಾರ್ಚ್ ಕೊನೆಗೆ ನೂರನೇ ದಿನ. ಬರಬೇಕು.

ನಿಮ್ಮ
ಮಕ್ ನಜ್ರಿ

*

ಆಲ್ಬನಿ
9 ಮಾರ್ಚ್ 2018

ಪ್ರೀತಿಯ ಮಕ್ ನಜ್ರಿ,

ಪಾಠ ಮುಗಿಯಿತು. ಹನ್ನೊಂದು ನಿಮಿಷ. ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಕೂತು ಆರು ಸಲ ಹೇಳಿದೆ. ಅಲ್ಲಿನ ಹುಡುಗಿ, “ವಿನ್, ಈ ಸಲ ಕನ್ನಡಕ ಹೊಳೀತಿದೆ”, “ವಿನ್, ಈ ಸಲ ಹೊರಗೆ ನಾಯಿ ಬೊಗಳ್ತು” ಎಂದು ಮತ್ತೆ ಮತ್ತೆ ಕೂರಿಸಿದಳು. ನಜ್ರಿಯನ್ನು ಆಡಮ್ ಮಾಡಿದ್ದೇನೆ, ಎತ್ತರವನ್ನೂ ಕೊಟ್ಟಿದ್ದೇನೆ. ಕೊನೆಯಲ್ಲಿ ನಿನಗೆ ಧನ್ಯವಾದ ಹೇಳಿದ್ದೇನೆ. ಅಷ್ಟು ಹೇಳದೆ ಮುಗಿಸಲು ಮನಸ್ಸಾಗಲಿಲ್ಲ.

ನೋಡಿದವರು ನಲವತ್ಮೂರು ಜನ. ಅದರಲ್ಲಿ ಏಳೆಂಟು ಸಲ ನೋಡಿದವಳು ನಾನೇ ಇರಬೇಕು. ನನ್ನ ಪಾಠಗಳನ್ನು ಪ್ರಕಟಿಸುವ ಪರ್ತ್‌ನ ಸಂಸ್ಥೆಯವರು, ಇಷ್ಟುದ್ದ ಯಾರೂ ನೋಡುವುದಿಲ್ಲ, ಎರಡು ನಿಮಿಷಕ್ಕೆ ಇಳಿಸಿ ಎಂದರು. ಕೂತು ಇಳಿಸಿದೆ. ಈಗ ಎಲ್ಲೆಲ್ಲೋ ಹೋಗುತ್ತಿದೆಯಂತೆ. ನಿನ್ನೆ ಸಂಜೆಗೆ ಆರು ಸಾವಿರ ಜನ ನೋಡಿದ್ದರು.

ನೂರನೇ ದಿನಕ್ಕೆ ಬರಲಾಗುವುದಿಲ್ಲ. ಅದೇ ವಾರ ಕಣ್ಣಿನ ಶಸ್ತ್ರಚಿಕಿತ್ಸೆ. ಬೇಸರಿಸಬೇಡ.

ನಿನ್ನ
ವಿನ್

*

ವರಾನಿಂಗ್
2 ಏಪ್ರಿಲ್ 2018

ವಿನ್ ಅವರಿಗೆ,

ನೀವು ಪಾಠದಲ್ಲಿ ನನ್ನ ಮಗನ ಹೆಸರು ಬದಲಿಸಿದಿರಿ. ಕೊನೆಯಲ್ಲಿ, “ಈ ಕಥೆ ಕೊಟ್ಟ ನನ್ನ ಗೆಳತಿ ಮಕ್ ನಜ್ರಿಗೆ ವಂದನೆ” ಎಂದಿರಿ. ಈ ಊರಿನಲ್ಲಿ, ಕಸಾಯಿಖಾನೆಯಲ್ಲಿ, ನಮ್ಮ ಜನ ಇರುವ ಎಲ್ಲ ಕಡೆ, ನನ್ನ ಹೆಸರು ಹೇಳಿದರೆ ಅವನ ಹೆಸರು ಹೇಳಿದ ಹಾಗೆ. ನಿಮಗೆ ಅದು ಗೊತ್ತಿತ್ತು. ನಾನು ಪತ್ರದಲ್ಲೂ ಬರೆದಿದ್ದೆ.

ಮೊದಲು ತಮಾಷೆಯಾಗಿತ್ತಂತೆ. ಬಟ್ಟೆ ಬದಲಿಸುವ ಕೋಣೆಯಲ್ಲಿ ಡ್ಯಾರಿಲ್ ಎಂಬಾತ, “ಏನೋ ಆಡಮ್, ಗಾಳ ಎಲ್ಲಾ ಹಂಚಿದೆಯಂತೆ? ನಾವೇನು ಪಾಪ ಮಾಡಿದ್ವಿ, ನಮಗೂ ಒಂದು ಕೊಡೋ!” ಎಂದ. ಎಲ್ಲರೂ ನಕ್ಕರು, ನಜ್ರಿಯೂ ನಕ್ಕ. ಮರುದಿನ ಯಾರೂ ನಗಲಿಲ್ಲ. ಅವನು ಕತ್ತಿ ಹಿಡಿದು ಬಂದರೆ ಪಕ್ಕದವರು ಸರಿದು ನಿಲ್ಲತೊಡಗಿದರು. ಯಾರೋ ಆ ಸಹಾಯವಾಣಿಗೆ ಕರೆ ಮಾಡಿದರು. ನಿಮ್ಮ ಪಾಠದ ಕೊನೆಗೆ ದೊಡ್ಡ ಅಕ್ಷರದಲ್ಲಿ ಬರುತ್ತದಲ್ಲ, ಅದೇ ಸಂಖ್ಯೆ.

ನೂರನೇ ದಿನದ ಅಡುಗೆಗೆ ನಾವು ಹೆಂಗಸರು ಈರುಳ್ಳಿ ಹೆಚ್ಚುತ್ತಿದ್ದಾಗ ಇಬ್ಬರು ಅಧಿಕಾರಿಗಳು ಬಂದರು. ಒಬ್ಬಳು ಹೆಂಗಸು. ಬೂಟು ಬಿಚ್ಚಿ ಒಳಗೆ ಬಂದರು. ಮರ್ಯಾದೆಯಿಂದಲೇ ಮಾತಾಡಿದರು. ನಜ್ರಿಯ ಕಂಪ್ಯೂಟರ್, ಫೋನ್ ತೆಗೆದುಕೊಂಡು ಹೋದರು. ಈರುಳ್ಳಿ ಹೆಚ್ಚುತ್ತಿದ್ದವರು ಒಬ್ಬೊಬ್ಬರಾಗಿ, “ಮಕ್ಕಳು ಶಾಲೆಯಿಂದ ಬರೋ ಹೊತ್ತು” ಎಂದು ಎದ್ದು ಹೋದರು. ಅಂದು ಶನಿವಾರ.

ಕೆಲಸದಲ್ಲಿ ಅವನ ಕೈಯಿಂದ ಕತ್ತಿ ತೆಗೆದರು. ಈಗ ಚರ್ಮಕ್ಕೆ ಉಪ್ಪು ಹಾಕುವ ಕಡೆ ನಿಲ್ಲಿಸಿದ್ದಾರೆ. ವಿಚಾರಣೆ ಮುಗಿಯುವವರೆಗೆ ಮಾತ್ರ ಎನ್ನುತ್ತಾರೆ.

ಆ ಪಾಠವನ್ನು ತೆಗೆದುಹಾಕಿ. ಇನ್ನೊಂದು ಪ್ರಶ್ನೆ. “ನಿಮ್ಮ ಮಗನನ್ನ ಚೆನ್ನಾಗಿ ಬಲ್ಲವರನ್ನೂ ವಿಚಾರಿಸ್ತಿದೀವಿ” ಎಂದು ಆ ಅಧಿಕಾರಿ ಹೇಳಿದಳು. ನಿಮ್ಮನ್ನು ಕೇಳಿದರೇ? ಏನು ಹೇಳಿದಿರಿ?

ಮಕ್ ನಜ್ರಿ

*

ಆಲ್ಬನಿ
6 ಏಪ್ರಿಲ್ 2018

ಪ್ರೀತಿಯ ಮಕ್ ನಜ್ರಿ,

ನಿನ್ನ ಪತ್ರ ಬಂದ ಅರ್ಧ ಗಂಟೆಯಲ್ಲಿ ಎರಡೂ ಪಾಠಗಳನ್ನು ತೆಗೆಸಿದೆ. ಆದರೆ ಚಿಕ್ಕದನ್ನು ಜನ ತಮ್ಮ ತಮ್ಮ ಪುಟಗಳಿಗೆ ಇಳಿಸಿಕೊಂಡಿದ್ದಾರೆ. ಅದು ನನ್ನ ಕೈ ಮೀರಿದೆ. ದಿನವೂ ಹುಡುಕಿ ಒಬ್ಬೊಬ್ಬರಿಗೇ ಬರೆಯುತ್ತಿದ್ದೇನೆ. ಕೆಲವರು ತೆಗೆಯುತ್ತಾರೆ. ಒಬ್ಬಾತ, “ಅಜ್ಜಿ, ಹೆದರ್ಕೊಂಡ್ರಾ? ಅವರ ಕಡೆಯವರು ಬೆದರಿಸಿದ್ರಾ?” ಎಂದು ಬರೆದ.

ನಿನ್ನ ಹೆಸರನ್ನು ಯಾಕೆ ಹೇಳಿದೆ? ಇಪ್ಪತ್ತು ವರ್ಷದಿಂದ ನನ್ನ ಬಾಯಲ್ಲಿ ಅದು ನಿನ್ನ ಹೆಸರು. ಬೇಲಿಯ ಮೇಲಿಂದ ಕೂಗುವ ಹೆಸರು. ಅದರೊಳಗೆ ಅವನಿದ್ದಾನೆಂಬುದು ಆ ಹೊತ್ತಿಗೆ ಹೊಳೆಯಲೇ ಇಲ್ಲ. ಇಷ್ಟೇ ಇರುವ ಉತ್ತರ, ಮತ್ತು ಇದು ಸಾಲದು.

ನೀನು ನೋಡಿದ್ದು ಯಾವುದೆಂದು ಊಹಿಸಬಲ್ಲೆ. ಹನ್ನೊಂದು ನಿಮಿಷದ ಪಾಠದಲ್ಲಿ ಆಡಮ್ ಅಪ್ಪನನ್ನು ಕಳೆದುಕೊಂಡ ದುಃಖದಲ್ಲಿದ್ದ, ಅವನ ನಡತೆಗೆಲ್ಲ ಅದೇ ಕಾರಣವಾಗಿತ್ತು, ಕೇಳಿದಾಗ ತಿಳಿಯಿತು ಎಂದಿದೆ. ಚಿಕ್ಕದರಲ್ಲಿ ಲಕ್ಷಣಗಳಿವೆ, “ನಿಮಗೂ ಇಂಥವರು ಗೊತ್ತೇ?” ಎಂದಿದೆ, ನಿನಗೆ ವಂದನೆಯಿದೆ, ಸಂಖ್ಯೆಯಿದೆ. ದುಃಖದ ಭಾಗ ಇಲ್ಲ. ಕತ್ತರಿಸಿದವಳು ನಾನೇ. ಅದಿದ್ದರೆ ಎರಡು ನಿಮಿಷದಲ್ಲಿ ಮುಗಿಯುತ್ತಿರಲಿಲ್ಲ.

ಕಸಾಯಿಖಾನೆಯ ಮೇಲ್ವಿಚಾರಕರಿಗೂ ಬರೆದಿದ್ದೇನೆ.

ವಿನ್

*

ಆಲ್ಬನಿ
20 ಮೇ 2018

ಮಕ್ ನಜ್ರಿ,

ಆರು ವಾರದಿಂದ ನಿನ್ನ ಪತ್ರವಿಲ್ಲ. ಉಪವಾಸ ಶುರುವಾಗಿರಬೇಕು.

ಕಳೆದ ಮಂಗಳವಾರ ಎರಡು ಗಂಟೆ ಕಾರು ಓಡಿಸಿಕೊಂಡು ವರಾನಿಂಗ್‌ಗೆ ಬಂದಿದ್ದೆ. ನಿಮ್ಮ ಮನೆಯ ಎದುರು ನಿಲ್ಲಿಸಿದೆ. ಅಡುಗೆಮನೆಯ ಕಿಟಕಿಯಲ್ಲಿ ನೀನು ಪಾತ್ರೆ ತೊಳೆಯುತ್ತಿದ್ದೆ. ತಲೆ ಎತ್ತಿ ನನ್ನ ಕಾರನ್ನೇ ನೋಡಿದೆ ಅನ್ನಿಸಿತು, ಆಮೇಲೆ ನಲ್ಲಿ ನಿಲ್ಲಿಸಿ ಒಳಗೆ ಹೋದೆ. ನಾನು ಇಳಿಯಲಿಲ್ಲ.

ಕಾರಿನಲ್ಲಿ ನಿನಗೆಂದು ತಂದ ಖರ್ಜೂರವಿತ್ತು. ಇಲ್ಲಿ ಮೇಜಿನ ಮೇಲಿದೆ.

ವಿನ್

*

ವರಾನಿಂಗ್
24 ಜೂನ್ 2018

ವಿನ್ ಅವರಿಗೆ,

ಹಬ್ಬ ಆಯಿತು. ಹಬ್ಬದ ಮೂರನೇ ದಿನ ನಜ್ರಿ ದ್ವೀಪಕ್ಕೆ ಹೊರಟುಹೋದ, ನನ್ನ ತಮ್ಮನ ಮನೆಗೆ. ಪರ್ತ್‌ನಿಂದ ವಿಮಾನ, ಅಲ್ಲಿಂದ ದೋಣಿ. ನಾನು ಬಸ್ ನಿಲ್ದಾಣದವರೆಗೆ ಹೋಗಿದ್ದೆ. “ಎಷ್ಟು ದಿನಕ್ಕೋ?” ಎಂದೆ. “ಅಮ್ಮ, ಬ್ಯಾಗ್ ಭಾರ ಇದೆ, ಸ್ವಲ್ಪ ಹಿಡ್ಕೋ” ಎಂದ.

ವಿಚಾರಣೆ ಏಪ್ರಿಲ್‌ನಲ್ಲೇ ಮುಗಿದಿದೆ. ಕಂಪ್ಯೂಟರ್, ಫೋನ್ ಹಿಂದಕ್ಕೆ ಕೊಟ್ಟರು. ಏನೂ ಇಲ್ಲ ಎಂಬ ಕಾಗದವನ್ನೂ ಕೊಟ್ಟರು. ಅದನ್ನು ಕಸಾಯಿಖಾನೆಗೆ ಒಯ್ದು ತೋರಿಸಿದ. ಕತ್ತಿಯ ಕೆಲಸಕ್ಕೆ ಬೇರೆಯವರನ್ನು ಹಾಕಿಯಾಗಿದೆ, ಜಾಗ ಖಾಲಿಯಾದರೆ ನೋಡೋಣ ಎಂದರಂತೆ. ನಾನು ಅಲ್ಲೇ ಮಾಂಸ ಕಟ್ಟುವ ಕಡೆ ಕೆಲಸಕ್ಕೆ ಹೋಗುತ್ತಲೇ ಇದ್ದೇನೆ. ಮನೆ ಬಾಡಿಗೆ ಕೊಡಬೇಕಲ್ಲ.

ಜನ ಕೆಟ್ಟವರಲ್ಲ. ಡ್ಯಾರಿಲ್ ಒಂದು ಸಂಜೆ ಬಂದು ಬಾಗಿಲಲ್ಲಿ ನಿಂತ. “ಮಕ್, ನಾನು ಬರೀ ತಮಾಷೆಗೆ ಅಂದಿದ್ದು. ಫೋನ್ ಮಾಡಿದ್ದು ನಾನಲ್ಲ” ಎಂದ. ಚಹಾ ಕೊಟ್ಟೆ, ಕುಡಿದು ಹೋದ.

ಏಪ್ರಿಲ್‌ನಲ್ಲಿ ನಿಮ್ಮನ್ನು ಒಂದು ಪ್ರಶ್ನೆ ಕೇಳಿದ್ದೆ. ನೀವು ಬೇರೆ ಎಲ್ಲದಕ್ಕೂ ಉತ್ತರ ಬರೆದಿರಿ.

ಮಕ್ ನಜ್ರಿ

*

ಆಲ್ಬನಿ
3 ಆಗಸ್ಟ್ 2018

ಮಕ್ ನಜ್ರಿ,

ಈ ಪತ್ರವನ್ನು ನಾಲ್ಕು ಸಲ ಶುರುಮಾಡಿ ಹರಿದಿದ್ದೇನೆ. ಇದನ್ನು ಹರಿಯುವುದಿಲ್ಲ.

ಕೇಳಿದರು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದ ವಾರ ಆ ಹೆಂಗಸು ಫೋನ್ ಮಾಡಿದಳು. “ಪಾಠದಲ್ಲಿರೋದು ನಜ್ರಿನೇ ಅಲ್ವಾ? ಈ ಕುಟುಂಬವನ್ನ ನೀವು ಬಲ್ಲಿರಿ. ಅವನಿಂದ ಅಪಾಯ ಇದೆ ಅನ್ಸುತ್ತಾ ನಿಮಗೆ?” ಎಂದಳು. ಬಾಯಿ ತೆರೆದು ‘ಇಲ್ಲ’ ಎನ್ನಬೇಕಿತ್ತು. ಎರಡಕ್ಷರ. ನನಗೆ ಆ ಸಾಕ್ಷಿಕಟ್ಟೆಯಲ್ಲಿ ನಿಂತಿದ್ದ ಪಕ್ಕದ ಮನೆಯಾತನ ಮುಖ ಕಂಡಿತು. ಒಂದು ವೇಳೆ ಎಂದುಕೊಂಡೆ. ಇಷ್ಟು ವರ್ಷ ನಾನು ಇತರರಿಗೆ ಕಲಿಸಿದ್ದೇ ಆ ‘ಒಂದು ವೇಳೆ’ಯನ್ನು.

“ಖಚಿತವಾಗಿ ಹೇಳಲಾರೆ. ಅಷ್ಟು ಹತ್ತಿರದಿಂದ ನನಗೆ ಗೊತ್ತಿಲ್ಲ” ಎಂದೆ.

ಅವಳು “ಥ್ಯಾಂಕ್ಸ್” ಎಂದು ಫೋನ್ ಇಟ್ಟಳು. ನಾನು ಮತ್ತೆ ಮಾಡಿ ಹಾಗಲ್ಲ ಎನ್ನಬಹುದಿತ್ತು. ಸಂಖ್ಯೆ ಇತ್ತು. ಮರುದಿನ ಮಾಡೋಣ ಎಂದುಕೊಂಡೆ. ಅದರ ಮರುದಿನವೂ ಹಾಗೇ ಅಂದುಕೊಂಡೆ.

ಅವನಿಂದ ಯಾವ ಅಪಾಯವೂ ಇಲ್ಲವೆಂದು ನನಗೆ ಗೊತ್ತಿತ್ತು, ಮಕ್ ನಜ್ರಿ. ಆದರೂ ಹಾಗೆಂದೆ.

ವಿನ್

*

ವರಾನಿಂಗ್
19 ಆಗಸ್ಟ್ 2018

ವಿನ್ ಅವರಿಗೆ,

ನನಗೆ ಏಪ್ರಿಲ್‌ನಿಂದ ಗೊತ್ತಿದೆ. ಕಂಪ್ಯೂಟರ್ ಹಿಂದಿರುಗಿಸಲು ಬಂದಾಗ ಆ ಅಧಿಕಾರಿಯೇ ಹೇಳಿದಳು. ನಮ್ಮನ್ನು ಸಮಾಧಾನ ಮಾಡುತ್ತಿದ್ದಳು, ಪಾಪ. “ನಿಮ್ಮ ಟೀಚರ್ ಗೆಳತಿನೇ ಖಚಿತವಾಗಿ ಹೇಳಲಾರೆ ಅಂದ್ರು ನೋಡಿ, ಅದಕ್ಕೇ ನಾವು ಪೂರ್ತಿ ಪರಿಶೀಲಿಸಬೇಕಾಯ್ತು” ಎಂದಳು. ನಜ್ರಿ ಬಾಗಿಲಲ್ಲೇ ನಿಂತಿದ್ದ. ಕತ್ತಿ ಕಿತ್ತುಕೊಂಡಾಗಲೂ ಅವನು ಊರು ಬಿಡುವ ಮಾತಾಡಿರಲಿಲ್ಲ. ಅಂದು ಸಂಜೆ ಮಾವನಿಗೆ ಫೋನ್ ಮಾಡಿದ. ಹಬ್ಬದವರೆಗೆ ಇದ್ದದ್ದು ನನಗಾಗಿ.

ನೀವೇ ಬರೆದು ಹೇಳಲಿ ಎಂದು ಕಾದೆ. ಹೇಳಿದಿರಿ. ತಡವಾಯಿತು, ಆದರೂ ಹೇಳಿದಿರಿ.

ಹತ್ತಿರದಿಂದ ಗೊತ್ತಿಲ್ಲ ಎಂದಿರಿ. ಅವನು ಮರದಿಂದ ಬಿದ್ದು ಕೈ ಮುರಿದುಕೊಂಡಾಗ ನಾವಿಬ್ಬರೂ ಕೆಲಸದಲ್ಲಿದ್ದೆವು. ಆಸ್ಪತ್ರೆಗೆ ಎತ್ತಿಕೊಂಡು ಹೋದವರು ನೀವು. ನಿಮ್ಮ ಮುದಿ ನಾಯಿ ಸತ್ತಾಗ ಗುಂಡಿ ತೋಡಿ, ಅದನ್ನು ಎತ್ತಿ ಮಲಗಿಸಿದವನು ಅವನು. ನಾಯಿ ಮುಟ್ಟಿದ್ದಕ್ಕೆ ನಮ್ಮ ಧರ್ಮದ ಕಟ್ಟಳೆಯಂತೆ ಒಮ್ಮೆ ಮಣ್ಣು ಹಚ್ಚಿ, ಒಟ್ಟು ಏಳು ಸಲ ಕೈ ತೊಳೆದ. ಅವರಪ್ಪ ಒಂದು, ಎರಡು ಎಂದು ಎಣಿಸುತ್ತ ನಿಂತಿದ್ದರು. ನೀವು ಅಳುತ್ತಲೇ ನಕ್ಕಿರಿ. ಆ ಹೆಂಗಸಿಗೆ ಇದನ್ನು ಹೇಳಿದ್ದರೂ ಸಾಕಿತ್ತು.

ನಿಮ್ಮ ಮಗಳ ವಿಷಯ ನನಗೆ ಗೊತ್ತು. ಪ್ರತಿ ವರ್ಷ ಆ ದಿನ ನಾನು ನಿಮ್ಮ ಜೊತೆ ಕೂತಿದ್ದೇನೆ. ಪಾಠ ಮಾಡುವುದನ್ನು ನಿಲ್ಲಿಸಿ ಎನ್ನುವುದಿಲ್ಲ. ಇನ್ನೊಬ್ಬರ ಮಗಳು ಉಳಿಯುವುದಾದರೆ ಉಳಿಯಲಿ. ಒಂದೇ ಒಂದು ಕೇಳುತ್ತೇನೆ. ಆ ಫೋನಿನಲ್ಲಿ ಏನಾಯಿತೆಂದು ನನಗೆ ಬರೆದ ಹಾಗೆಯೇ ಪಾಠದಲ್ಲಿ ಹೇಳಿ. ನಿಮ್ಮ ಮುಖ, ನಿಮ್ಮ ಹೆಸರು ಇರಲಿ. ಈ ಸಲ ಅವನ ಹೆಸರನ್ನೂ ಹೇಳಿ. ಹೇಗೂ ಎಲ್ಲರಿಗೂ ಗೊತ್ತು. ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ. “ಅವರಿಷ್ಟ” ಎಂದ.

ಯಾವುದನ್ನೂ ಕತ್ತರಿಸಬೇಡಿ.

ಮಕ್ ನಜ್ರಿ

*

ಆಲ್ಬನಿ
14 ಅಕ್ಟೋಬರ್ 2018

ಮಕ್ ನಜ್ರಿ,

ಮಾಡಿದೆ. ಹದಿನಾಲ್ಕು ನಿಮಿಷವಾಯಿತು. ಗ್ರಂಥಾಲಯದ ಹುಡುಗಿ ಈ ಸಲ ಒಮ್ಮೆಯೂ ನಿಲ್ಲಿಸಲಿಲ್ಲ. ಮುಗಿದ ಮೇಲೆ ದೀಪ ಆರಿಸುವುದನ್ನೂ ಮರೆತು ಕೂತಿದ್ದಳು.

ಪರ್ತ್‌ನವರು ಇದನ್ನು ಪ್ರಕಟಿಸಲು ಒಪ್ಪಲಿಲ್ಲ. “ವಿನ್, ಇದನ್ನ ನೋಡಿದರೆ ಜನ ಕರೆ ಮಾಡೋಕೇ ಹೆದರ್ತಾರೆ. ಒಂದು ನಿಜವಾದ ಕರೆ ತಪ್ಪಿಹೋದರೆ?” ಎಂದರು. ಅವರ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಅದೇ ಪ್ರಶ್ನೆ ನನ್ನನ್ನು ಹದಿನಾರು ವರ್ಷ ನಡೆಸಿದೆ. ನನ್ನ ಸ್ವಂತ ಪುಟದಲ್ಲೇ ಹಾಕಿದೆ. ಅನುಮಾನ ಬಂದರೆ ಕರೆ ಮಾಡಿ ಎಂದು ಈಗಲೂ ಹೇಳಿದ್ದೇನೆ. ಆಮೇಲೆ, ಅಧಿಕಾರಿ ನಿಮ್ಮನ್ನು ಕೇಳಿದಾಗ, ಗೊತ್ತಿರುವುದನ್ನು ಗೊತ್ತಿದೆ ಎಂದು ಹೇಳಿ ಎಂದಿದ್ದೇನೆ. ನಾನು ಹೇಳಲಿಲ್ಲ ಎಂದೂ, ಯಾರ ಬಗ್ಗೆ ಹೇಳಲಿಲ್ಲ ಎಂದೂ ಹೇಳಿದ್ದೇನೆ.

ಈವರೆಗೆ ಹತ್ತೊಂಬತ್ತು ಜನ ನೋಡಿದ್ದಾರೆ. ಚಿಕ್ಕದು ಇನ್ನೂ ಎಲ್ಲೋ ಓಡುತ್ತಲೇ ಇದೆ. ಅದರ ಲೆಕ್ಕ ನೋಡುವುದನ್ನು ಬಿಟ್ಟಿದ್ದೇನೆ.

ವಿನ್

*

ದ್ವೀಪದಿಂದ
25 ನವೆಂಬರ್ 2018

ವಿನ್ ಅಕ್ಕ,

ರಜೆ ಹಾಕಿ ಎರಡು ವಾರಕ್ಕೆ ಇಲ್ಲಿಗೆ ಬಂದಿದ್ದೇನೆ. ನಜ್ರಿ ದೋಣಿಯ ಎಂಜಿನ್ ದುರಸ್ತಿ ಕಲಿತಿದ್ದಾನೆ. ಮೈ ಕಪ್ಪಾಗಿದೆ, ಚೆನ್ನಾಗಿ ಉಣ್ಣುತ್ತಾನೆ. ಮಲಗುವಾಗ ಕೋಣೆಯ ಬಾಗಿಲು ತೆರೆದೇ ಇಟ್ಟಿರುತ್ತಾನೆ. ಯಾರೂ ಹೇಳಿಲ್ಲ, ತಾನಾಗಿ. ಗಾಳಿಗೆ ಬಾಗಿಲು ಬಡಿದರೂ ಎದ್ದು ಹಾಕುವುದಿಲ್ಲ. ಅದನ್ನು ನೋಡಿದರೆ ನನಗೆ ಯಾಕೋ ಸಂಕಟವಾಗುತ್ತದೆ.

ನಿಮ್ಮ ಪಾಠವನ್ನು ಇಲ್ಲಿ ನೋಡಿದೆವು. ಇಂಟರ್ನೆಟ್ ನಿಧಾನ. ಒಂದು ಮಾತು ಬರುವುದು, ನಿಲ್ಲುವುದು, ನಿಮ್ಮ ಬಾಯಿ ಅರ್ಧ ತೆರೆದು ಹಾಗೇ ಇರುವುದು. ಪೂರ್ತಿ ಮುಗಿಯಲು ಒಂದು ಗಂಟೆ ಹಿಡಿಯಿತು. ನನ್ನ ತಮ್ಮ ನಡುವೆಯೇ ಎದ್ದುಹೋದ. ನಜ್ರಿ ಕೈಗೆ ಹತ್ತಿದ್ದ ಎಣ್ಣೆಯನ್ನೂ ಒರೆಸದೆ ಕೊನೆಯವರೆಗೆ ಕೂತಿದ್ದ. ‘ಅವನು ಯಾರೆಂದು ನನಗೆ ಗೊತ್ತಿತ್ತು’ ಎಂದು ನೀವು ಹೇಳುವಲ್ಲಿ ಚಿತ್ರ ಬಹಳ ಹೊತ್ತು ನಿಂತಿತ್ತು. ಮುಂದಕ್ಕೆ ಓಡಿಸಲೇ ಎಂದೆ. “ಬೇಡ, ಬರ್ಲಿ” ಎಂದ.

ಮುಗಿದ ಮೇಲೆ, “ಟೀಚರ್‌ಗೆ ಎಷ್ಟು ವಯಸ್ಸಾಗಿಬಿಟ್ಟಿದೆ ಅಮ್ಮ” ಎಂದ. ಇನ್ನೇನಾದರೂ ಹೇಳುತ್ತಾನೇನೋ ಎಂದು ಕಾದೆ. “ದೋಣಿ ಬರೋ ಹೊತ್ತಾಯ್ತು” ಎಂದು ಎದ್ದ.

ಕ್ಷಮಿಸಿದ ಎಂದು ನಾನು ಬರೆಯಲಾರೆ, ಅವನು ಹಾಗೆ ಹೇಳಲಿಲ್ಲ. ನನ್ನ ವಿಷಯ ನನಗೇ ಇನ್ನೂ ತಿಳಿದಿಲ್ಲ. ವರಾನಿಂಗ್‌ಗೆ ಬರುವ ಮಾತನ್ನು ಅವನು ಎತ್ತಲಿಲ್ಲ, ನಾನೂ ಕೇಳಲಿಲ್ಲ. ಇಲ್ಲೊಂದು ಮನೆ ಕಟ್ಟಲು ಜಾಗ ಕೇಳಿದ್ದಾನಂತೆ, ತಮ್ಮ ಹೇಳಿದ.

ಶುಕ್ರವಾರದ ವಿಮಾನಕ್ಕೆ ನಾನೊಬ್ಬಳೇ ಹಿಂದಿರುಗುತ್ತೇನೆ.

ಮಕ್ ನಜ್ರಿ